ನಮ್ಮನೆಯವರ ಮೂರು ತಿಂಗಳ ಸ್ಟಾಕು

ನಮ್ಮನೆಯವರು ರಿಟೈರ್ ಆದ ಮೇಲೆ ನಮ್ಮನೇಲಿ ಇಂಥದ್ದೊಂದು ಆಗದೆ ವಾರ ಕಳೆದದ್ದೇ ಇಲ್ಲ. ಹೇಳಿದ್ರೆ ನಗ್ತೀರ. ನಗಿ, ನಿಮಗೇನು, ಏಗೋಳು ನಾನು ತಾನೆ.

ಇವರು ಮೂವತ್ತೈದು ವರ್ಷ ಒಂದು ಕಾರ್ಖಾನೆಯ ಸ್ಟೋರ್ ಕೀಪರ್ ಆಗಿದ್ದವರು. ನಟ್ಟು, ಬೋಲ್ಟು, ಬೇರಿಂಗು, ಗ್ರೀಸು, ಇಷ್ಟೇ ಇವರ ಪ್ರಪಂಚ. ಮನೇಲಿ ಅಡಿಗೆಮನೆ ಯಾವ ದಿಕ್ಕಿಗಿದೆ ಅಂತ ಕೇಳಿದ್ರೆ ಯೋಚನೆ ಮಾಡಿ ಹೇಳ್ತಿದ್ರು. ಲಾಕ್‌ಡೌನ್ ಆದಾಗ ಒಂದು ದಿನ ಬೆಲ್ಲಕ್ಕೆ ಅಂತ ಎರಡು ಗಂಟೆ ಬಿಸಿಲಲ್ಲಿ ಕ್ಯೂ ನಿಂತ್ರು. ಇವರ ಸರದಿ ಬರೋ ಹೊತ್ತಿಗೆ ಬೆಲ್ಲ ಖಾಲಿ. ಬರಿಗೈಲಿ ಬಂದು ಜಗಲಿ ಮೇಲೆ ಕೂತು ಶಪಥ ಮಾಡಿದ್ರು: "ಇನ್ಮೇಲೆ ಈ ಮನೇಲಿ ಯಾವಾಗ್ಲೂ ಮೂರು ತಿಂಗಳ ಸ್ಟಾಕು ಇರ್ಬೇಕು ಕಣೇ. ರೋಗ ಬರ್ಲಿ, ಯುದ್ಧ ಆಗ್ಲಿ, ನಾವು ಬಾಗಿಲು ಹಾಕ್ಕೊಂಡು ಆರಾಮಾಗಿರ್ಬೇಕು."

ಲಾಕ್‌ಡೌನ್ ಹೋಯ್ತು. ಸ್ಟಾಕು ಹೋಗ್ಲಿಲ್ಲ. ಅದು ಸೇರ್ಕೊಂಡಿದ್ದು ನಮ್ಮ ಮದ್ದೂರಿನ ಮನೆಯ ಹಿಂದಿನ ಕೋಣೆಗೆ. ಗಾಳಿ, ಬೆಳಕು ಇರೋ ಕೋಣೆ ನಮ್ಮಲ್ಲಿ ಅದೊಂದೇ. ಮಳವಳ್ಳಿಗೆ ಕೊಟ್ಟಿರೋ ಮಗಳು ಬಸುರಿ ಅಂತ ಗೊತ್ತಾದ ದಿನದಿಂದ ನಾನು ಬಡ್ಕೊಳ್ಳೋಕೆ ಶುರು ಮಾಡಿದೆ: "ರೀ, ಚೊಚ್ಚಲ ಬಾಣಂತನ. ತವರಲ್ಲೇ ಆಗ್ಬೇಕು, ಆ ಕೋಣೇಲೇ ಆಗ್ಬೇಕು. ಖಾಲಿ ಮಾಡಿ."

"ಮಾಡೋಣ ಬಿಡು" ಅಂತಿದ್ರು. ಈ 'ಮಾಡೋಣ ಬಿಡು'ವನ್ನ ನಾನು ಮದುವೆಯಾದ ಲಾಗಾಯ್ತಿನಿಂದ ಕೇಳ್ತಾ ಇದೀನಿ.

೧. ಉಪ್ಪು

ಸ್ಟಾಕಿನ ಮೊದಲನೇ ವರ್ಷದ ಮಾತು. ಉಪ್ಪಿಗೆ ಬರ ಬರುತ್ತೆ ಅಂತ ಯಾರೋ ಪುಣ್ಯಾತ್ಮರು ವಾಟ್ಸಾಪಲ್ಲಿ ಹಾಕಿದ್ರಂತೆ. ಮಧ್ಯಾಹ್ನ ಊಟಕ್ಕೆ ಬಡಿಸ್ತಾ ಇದ್ದೀನಿ, ಬಾಗಿಲಿಗೆ ಆಟೋ ಬಂತು. ನಾಲ್ಕು ಮೂಟೆ ಕಲ್ಲುಪ್ಪು.

ಆಟೋದವನು ಮೂಟೆ ಇಳಿಸ್ತಾ ನನ್ನ ಕೇಳಿದ, "ಉಪ್ಪಿನಕಾಯಿ ಯಾಪಾರ ಮಾಡ್ತೀರೇನಮ್ಮ?"

"ಇಲ್ಲಪ್ಪ, ಸಂಸಾರ ಮಾಡ್ತಾ ಇದೀನಿ" ಅಂದೆ.

ಅವನು ಹೋದ ಮೇಲೆ ಇವರನ್ನ ಹಿಡ್ಕೊಂಡೆ. "ಅಲ್ಲಾ ರೀ, ನಿಮಗೆ ಬಿಪಿ. ಅತ್ತೆಗೆ ಬಿಪಿ. ಇಬ್ಬರಿಗೂ ಉಪ್ಪು ಮುಟ್ಟಬೇಡಿ ಅಂದಿದಾರೆ ಡಾಕ್ಟ್ರು. ಈ ಮನೇಲಿ ಉಪ್ಪು ತಿನ್ನೋಳು ನಾನೊಬ್ಬಳು. ನಾಲ್ಕು ಮೂಟೇನ ನಾನೊಬ್ಬಳೇ ತಿನ್ಲಾ?"

ಇವರು ಒಂದು ನಿಮಿಷ ಲೆಕ್ಕ ಹಾಕಿದ್ರು. ಆಮೇಲೆ ಸಮಾಧಾನವಾಗಿ ಅಂದ್ರು, "ಹಾಗಾದ್ರೆ ಇನ್ನೂ ಜಾಸ್ತಿ ದಿನ ಬರುತ್ತೆ ಬಿಡು."

೨. ಹಳೇದು ಮೊದಲು

ಸ್ಟೋರಿನಲ್ಲಿ ಒಂದು ಕಾನೂನಿದೆಯಂತೆ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗ್ಬೇಕು. ಬೋಲ್ಟಿಗೆ ಅದು ಸರಿ. ಅಕ್ಕಿಗೆ?

ಹೊಸ ಅಕ್ಕಿ ಬಂತು ಅಂದ್ರೆ ಅದು ನೇರ ಕೋಣೆಗೆ. ಅಡಿಗೆಮನೆಗೆ ಬರೋದು ಹಿಂದಿನ ಸಲದ ಅಕ್ಕಿ. ಅಷ್ಟೊತ್ತಿಗೆ ಅದಕ್ಕೆ ಹುಳ ಬಿದ್ದಿರುತ್ತೆ. ಹುಳದ ಅಕ್ಕಿ ತಿಂದು ಮುಗಿಸೋ ಹೊತ್ತಿಗೆ ಹೊಸ ಅಕ್ಕಿಗೂ ಹುಳ ಬಿದ್ದಿರುತ್ತೆ. ಹೀಗೆ ಮೂರು ವರ್ಷ ನಮ್ಮನೇಲಿ ಒಂದಿನಾನೂ ಹುಳ ಇಲ್ಲದ ಅಕ್ಕಿ ಬೆಂದಿಲ್ಲ. ಸುತ್ತ ಭತ್ತ ಬೆಳೆಯೋ ಸೀಮೇಲಿ ಕೂತು ನನಗೆ ಈ ಕರ್ಮ!

ಒಂದಿನ ತಡೀಲಾರದೆ ಕೇಳಿದೆ, "ರೀ, ಒಂದೇ ಒಂದು ಸಲ ಹೊಸ ಅಕ್ಕಿ ತೆಗೆದು, ಹುಳದ್ದನ್ನ ಪಕ್ಕದ ಮನೆ ಕೋಳಿಗೆ ಹಾಕಿಬಿಡೋಣ್ವಾ?"

"ಹಂಗೆ ಸೀನಿಯಾರಿಟಿ ಮುರಿಯೋಕಾಗಲ್ಲ" ಅಂದ್ರು.

ಮೊರ ಹಿಡಿದು ಹುಳ ಕೇರ್ತಾ ಕೂತಿದ್ದ ಅತ್ತೆ ತಲೆ ಎತ್ತಿ ಹೇಳಿದ್ರು, "ಸರಿ ಬುಡ್ಲಾ. ಅಂಗಾರೆ ಈ ಮನೇಲಿ ನಾನೇ ಸೀನಿಯರ್ರು. ನಾನು ಓದ್ಮೇಲಾದ್ರೂ ಒಸಿ ಒಳ್ಳೆ ಅಕ್ಕೀಲಿ ತಿಥಿ ಮಾಡು."

ಇವರಿಗೆ ಅದೂ ನಾಟಲಿಲ್ಲ. ನಾನೇ ಇವರು ಬ್ಯಾಂಕಿಗೆ ಹೋದ ಹೊತ್ತು ನೋಡಿ ಹಳೇ ಅಕ್ಕೀನೆಲ್ಲ ಕೋಳಿಗೆ ಸುರಿದೆ. ಅಲ್ಲಿಂದಾಚೆಗೆ ಅಕ್ಕಿ, ಬೇಳೆ ಆ ಕೋಣೆಗೆ ಹೋಗೋಕೆ ನಾನು ಬಿಡಲಿಲ್ಲ, ತಿಂಗಳಿಗೆ ಬೇಕಾದಷ್ಟು ನೇರ ಅಡಿಗೆಮನೆಗೇ.

೩. ಹಗೇವು

ಅತ್ತೆ ಕಿರುಗಾವಲು ಕಡೆ ಹಳ್ಳಿಯವರು. ಹುಳದ ಗಲಾಟೆ ಆದ ಮೇಲೆ ಒಂದಿನ ಮಾತಿಗೆ ಅಂದ್ರು, "ನಮ್ಮಪ್ಪನ ಕಾಲದಾಗೆ ರಾಗೀಗೆ ಹಗೇವು ಇತ್ತು. ನೆಲದೊಳಗೆ ಗುಂಡಿ ತೋಡಿ ತುಂಬಿ ಮುಚ್ಚುಬುಟ್ರೆ ಎಷ್ಟೊರ್ಸ ಆದ್ರೂ ಒಂದು ಹುಳ ಬೀಳ್ತಿರ್ಲಿಲ್ಲ."

ಅಯ್ಯೋ, ಆ ಮಾತು ಇವರ ಕಿವಿಗೆ ಬೀಳಬೇಕಾ? ಮಾರನೇ ದಿನವೇ ಹಿತ್ತಲಲ್ಲಿ ಗುದ್ದಲಿ ಸದ್ದು. ನನ್ನ ಕರಿಬೇವಿನ ಗಿಡ ಹೋಯ್ತು, ದಾಸವಾಳ ಹೋಯ್ತು. ಎದೆ ಮಟ್ಟ ಗುಂಡಿ ಆಯ್ತು. ರಸ್ತೆಗೆ ಮಣ್ಣು ಬಿದ್ದಿದ್ದು ನೋಡಿ ಪುರಸಭೆಯವರೊಬ್ಬರು ಬಂದ್ರು.

"ಏನ್ ಸಾರ್, ಇಲ್ಲಿ ಒಳಚರಂಡಿ ಲೈನ್ ಐತೆ, ಮತ್ಯಾಕೆ ಕಕ್ಕಸ್ ಪಿಟ್ ತೋಡಿಸ್ತಾ ಇದ್ದೀರ?"

"ಪಿಟ್ ಅಲ್ಲ ಕಣ್ರೀ. ಇದಕ್ಕೆ ರಾಗಿ ಹಾಕ್ತೀನಿ" ಅಂದ್ರು ಇವರು, ಬೆವರು ಒರೆಸ್ಕೊಂಡು.

ಆ ಮನುಷ್ಯ ಗುಂಡಿ ನೋಡಿದ. ಇವರನ್ನ ನೋಡಿದ. ನನ್ನ ಕಡೆ ತಿರುಗಿ ಒಂಥರ ಕನಿಕರದಿಂದ ನೋಡಿದ. "ಅಲ್ಲಾ ಸಾರ್, ಎಲ್ರೂ ಉಂಡು ಆಮೇಲೆ ಪಿಟ್ಟಿಗೆ ಕಳಿಸ್ತಾರೆ. ನೀವು ನೇರವಾಗೇ ಕಳಿಸ್ತಾ ಇದ್ದೀರಲ್ಲ!"

ಗುಂಡಿ ಮುಚ್ಚಿಸಿದ್ವಿ. ರಾಗಿ ಮೂಟೆ ಮತ್ತೆ ಕೋಣೆಗೆ ಬಂತು. ಮಗಳಿಗೆ ಆಗ ಐದು ತಿಂಗಳು.

೪. ಅಭ್ಯಾಸ

ಸ್ಟಾಕು ಇದ್ರೆ ಸಾಲದು, ಮನೆಯವರಿಗೆ ಅಭ್ಯಾಸ ಆಗಬೇಕು ಅಂತ ಇವರ ತಲೆಗೆ ಬಂತು. ಒಂದು ಭಾನುವಾರ ಬೆಳಿಗ್ಗೆ, ಗ್ರೈಂಡರಿನಲ್ಲಿ ದೋಸೆ ಹಿಟ್ಟು ಅರ್ಧ ಆಗಿದೆ, ಕರೆಂಟು ಹೋಯ್ತು. ಹತ್ತು ನಿಮಿಷ ಕಾದೆ. ಅರ್ಧ ಗಂಟೆ ಕಾದೆ. ಪಕ್ಕದ ಮನೇಲಿ ಟೀವಿ ಹಾಡ್ತಾ ಇದೆ, ನಮ್ಮಲ್ಲಿ ಮಾತ್ರ ಇಲ್ಲ. ಲೈನ್‌ಮ್ಯಾನಿಗೆ ಫೋನ್ ಮಾಡಿದೆ.

ಪಾಪ, ರಜಾ ದಿನ ಬಂದು ಕಂಬ ಹತ್ತಿ ನೋಡಿದ, ಇಳಿದ. ಮೀಟರ್ ನೋಡಿದ. ಕೊನೆಗೆ ಮೇನ್ ಸ್ವಿಚ್ ಹತ್ತಿರ ಹೋದ್ರೆ ಇವರು ಎರಡು ಕೈ ಅಡ್ಡ ಚಾಚಿ ನಿಂತಿದ್ದಾರೆ!

"ಮುಟ್ಟಬೇಡಪ್ಪ. ನಾನೇ ಆಫ್ ಮಾಡಿರೋದು. ಸಂಜೆವರೆಗೂ ಎಮರ್ಜೆನ್ಸಿ ಅಭ್ಯಾಸ."

ಲೈನ್‌ಮ್ಯಾನು ಕೈಯ ಗ್ಲೌಸು ಬಿಚ್ಚಿ ಜೇಬಿಗೆ ತುರುಕಿಕೊಂಡ. "ಅಮ್ಮ, ಫಾಲ್ಟು ಕಂಬದಾಗಿಲ್ಲ, ಮೀಟ್ರಲ್ಲೂ ಇಲ್ಲ. ಮೇನ್ ಸ್ವಿಚ್ ಪಕ್ಕ ನಿಂತೈತೆ ನೋಡಿ. ಅದ ರಿಪೇರಿ ಮಾಡಕ್ಕೆ ನಮ್ಮ ಡಿಪಾರ್ಟ್‌ಮೆಂಟಿಗೆ ಆಗಕಿಲ್ಲ."

೫. ತುಂಬೈತೆ

ಇದು ಎಲ್ಲಕ್ಕಿಂತ ದೊಡ್ಡದು. ಇವತ್ತಿಗೂ ನೆನೆಸ್ಕೊಂಡ್ರೆ ಅಳ್ಬೇಕೋ ನಗ್ಬೇಕೋ ಗೊತ್ತಾಗಲ್ಲ.

ಮಗಳಿಗೆ ಎಂಟನೇ ತಿಂಗಳಲ್ಲಿ ಕಾಲು ಊದ್ಕೊಂಡಿತು. ಡಾಕ್ಟ್ರು ರೆಸ್ಟ್ ಅಂದ್ರು. ನಾನು ಮಳವಳ್ಳಿಗೆ ಹೋಗಿ ಹದಿನೈದು ದಿನ ಬೀಗರ ಮನೇಲಿ ಉಳಿದೆ. ಒಂಬತ್ತಕ್ಕೆ ಬಿದ್ದ ಮೇಲೆ ಒಳ್ಳೆ ದಿನ ನೋಡಿ ಕರ್ಕೊಂಡು ಬರೋದು ಅಂತ ಮಾತು. ಹೊರಡೋವಾಗ ಇವರಿಗೆ ಎರಡೇ ಕೆಲಸ ಹೇಳಿದ್ದೆ. ಒಂದು, ಕೋಣೆ ಖಾಲಿ ಮಾಡ್ಸಿ. ಎರಡು, ಅಡಿಗೆ ಅತ್ತೆ ಮಾಡ್ತಾರೆ, ಅವರು ಹೇಳಿದ್ದು ತಂದ್ಕೊಡಿ.

ಒಳ್ಳೆ ದಿನ ಬಂತು. ಕಾರಲ್ಲಿ ನಾನು, ಮಗಳು, ಬೀಗಿತಿ. ಹಿಂದೆ ಬೀಗರು ತಮ್ಮ ಗೂಡ್ಸ್ ಗಾಡೀಲಿ ಎಳನೀರು ಹೇರ್ಕೊಂಡು ಬಂದ್ರು. ಸೊಸೇನ ಬಿಟ್ಟು, ಬೆಳಿಗ್ಗೆ ಮದ್ದೂರು ಮಾರ್ಕೆಟ್ಟಿಗೆ ಕಾಯಿ ಹಾಕಿ ಹೋಗೋಣ ಅಂತ. ನಾವು ಮನೆ ಮುಂದೆ ಇಳಿಯೋಕೂ, ಕಾವೇರಿ ನೀರಿಗೆ ನಾಳೆ ಬಂದ್ ಅಂತ ಸುದ್ದಿ ಬರೋಕೂ ಸರಿಹೋಯ್ತು. ಬೀದಿ ಅಂಗಡಿಗಳೆಲ್ಲ ಆಗಲೇ ಬಾಗಿಲು ಎಳೀತಿದ್ವು.

ಇವರ ಮುಖ ನೋಡ್ಬೇಕಿತ್ತು ನೀವು. ಮದುವೆ ದಿನವೂ ಅಷ್ಟು ಕಳೆ ಇರಲಿಲ್ಲ. "ಬನ್ನಿ ಬೀಗ್ರೇ! ಬಂದ್ ಮೂರು ತಿಂಗಳಿರ್ಲಿ, ನಮ್ಮನೇಲಿ ಯೋಚನೆ ಇಲ್ಲ!"

ಬೀಗಿತಿ ನೀರು ಕುಡಿದು ಎದ್ರು. "ಬಾಣಂತಿಗೆ ಕೋಣೆ ಎಲ್ಲಿ ಮಾಡೀರಿ, ನೋಡಾನ." ನಾನು ಧೈರ್ಯವಾಗಿ ಕೋಣೆ ಬಾಗಿಲು ತೆಗೆದೆ. ನಾಲ್ಕು ಮೂಟೆ ಉಪ್ಪು ಅಲ್ಲೇ ಇದೆ. ರಾಗಿ ಅಲ್ಲೇ ಇದೆ. ಮೇಲೆ ಹೊಸದಾಗಿ ಮೇಣದ ಬತ್ತಿ, ಬೆಂಕಿಪೊಟ್ಟಣ, ಸೋಪು ಸೂರು ಮುಟ್ಟಿವೆ. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು.

ಬೀಗಿತಿ ಹೊಸಲಲ್ಲೇ ನಿಂತ್ರು. "ಇದೇನ್ರವ್ವ, ಸೊಸೈಟಿ ಗೋಡೌನ್ ಇದ್ದಂಗೈತೆ! ನಮ್ಮ ಸೊಸೇನ ಉಪ್ಪಿನ ಮೂಟೆ ಮ್ಯಾಲೆ ಮಲಗಿಸ್ತೀರಾ? ಬ್ಯಾಡ ಬುಡಿ. ಬಂದ್ ಮುಗೀತಿದ್ದಂಗೇ ವಾಪಸ್ ಕರ್ಕಂಡು ಓಯ್ತೀವಿ. ಬಾಣಂತನ ನಾವೇ ಮಾಡ್ಕತೀವಿ."

ಕಣ್ಣಲ್ಲಿ ನೀರು ತುಂಬಿಕೊಂಡಿತು. ಚೊಚ್ಚಲ ಬಾಣಂತನ ಗಂಡನ ಮನೇಲಿ ಆಯ್ತು ಅಂದ್ರೆ ತವರಿನವರಿಗೆ ಇನ್ನೇನು ಮರ್ಯಾದೆ ಉಳೀತು? ಸಾಯೋವರೆಗೂ ಆಡ್ಕೊಳ್ತಾರೆ. ಒಂದು ಲೋಟ ಕಾಫಿ ಕೊಟ್ಟು ಕಾಲು ಹಿಡಿದಾದ್ರೂ ಸಮಾಧಾನ ಮಾಡೋಣ ಅಂತ ಅಡಿಗೆಮನೆಗೆ ಓಡಿದೆ. ಕಾಫಿಪುಡಿ ಡಬ್ಬಿ ಖಾಲಿ. ಸಕ್ಕರೆ ಖಾಲಿ. ಬೇಳೆ ಖಾಲಿ. ಅಕ್ಕಿ ಡ್ರಮ್ಮಿನ ತಳದಲ್ಲಿ ಬರೀ ಅಳೆಯೋ ಸೇರು.

"ರೀ!" ಅಂತ ಕಿರುಚಿದೆ. "ಮನೇಲಿ ಒಂದು ಹಿಡಿ ಅಕ್ಕಿ ಇಲ್ಲ!"

"ಸರಿಯಾಗಿ ನೋಡು" ಅಂತ ಇವರು ನಗ್ತಾ ಸ್ಟಾಕಿನ ಲೆಕ್ಕ ಬರೆಯೋ ಪುಸ್ತಕ ತಂದು ಬೀಗರ ಮುಂದೆಯೇ ಓದಿದ್ರು. "ಸೋಮವಾರ, ಅಕ್ಕಿ ತುಂಬಿದೆ. ಮಂಗಳವಾರ, ಬೇಳೆ ಹೆಚ್ಚಿದೆ. ಬುಧವಾರ, ಸಕ್ಕರೆ ಹೆಚ್ಚಿದೆ. ಗುರುವಾರ, ಕಾಫಿಪುಡಿ ತುಂಬಿದೆ. ಎಲ್ಲ ಅವ್ವನೇ ಹೇಳಿದ್ದು. ಅದಕ್ಕೇ ಅವಳು ಹೇಳದೇ ಇದ್ದಿದ್ದನ್ನ ತಂದು ತುಂಬಿಸಿದೆ. ಮೇಣದ ಬತ್ತಿ ವಿಷಯ ಅವ್ವ ಬಾಯೇ ಬಿಟ್ಟಿರಲಿಲ್ಲ."

ಹಣೆ ಹಣೆ ಚಚ್ಚಿಕೊಂಡೆ. ಮನೇಲಿ ಏನಾದ್ರೂ ಮುಗಿದ್ರೆ 'ಮುಗೀತು', 'ಇಲ್ಲ' ಅಂತ ಬಾಯಲ್ಲಿ ಅಂದ್ರೆ ಲಕ್ಷ್ಮಿ ಎದ್ದು ಹೋಗ್ತಾಳೆ ಅಂತ ನಮ್ಮ ಹೆಂಗಸರು ಹಾಗನ್ನಲ್ಲ; ಅವತ್ತು ಗಾಬರೀಲಿ ನನ್ನ ಬಾಯಿಂದ ಬಂದುಬಿಡ್ತು, ಅಷ್ಟೆ. ತುಂಬಿದೆ ಅಂತೀವಿ, ಹೆಚ್ಚಿದೆ ಅಂತೀವಿ. ಕುಂಕುಮದ ಭರಣಿಯಿಂದ ಅಕ್ಕಿ ಡ್ರಮ್ಮಿನವರೆಗೂ ಅದೇ ಮಾತು. ಅಂಗಡಿ ಚೀಟಿ ಬರೆಯೋಳು ನಾನು, ಆದ್ದರಿಂದ ಇವರ ಕಿವಿಗೆ ಇಷ್ಟು ವರ್ಷ ಅದು ಬಿದ್ದೇ ಇರಲಿಲ್ಲ. ಇವರ ಸ್ಟೋರಿನಲ್ಲಿ ಹೆಚ್ಚು ಅಂದ್ರೆ ಹೆಚ್ಚು.

ಅತ್ತೆ ನನ್ನ ಮೇಲೇ ರೇಗಿದ್ರು. "ನಾನು ದಿನಾ ಯೋಳ್ದೆ ಕಣವ್ವ! ಅಕ್ಕಿ ತುಂಬೈತೆ ಕಣ್ಲಾ ಅಂದ್ರೆ 'ಬಲೇ ಸಂತೋಸ ಕಣವ್ವ' ಅಂತಾನೆ. ಬೇಳೆ ಎಚ್ಚೈತೆ ಅಂದ್ರೆ ಕೈ ಮುಗೀತಾನೆ. ಇವನಿಗೆ ಏನೋ ಬಡ್ಕಂಡೈತೆ, ದಾರ ಕಟ್ಸವ ಅಂತಿದ್ದೆ."

"ರೀ, ಅಷ್ಟು ದಿನ ಬರೀ ಮುದ್ದೆ, ಗೊಜ್ಜು ಉಂಡ್ರಲ್ಲ, ಅನುಮಾನ ಬರ್ಲಿಲ್ವಾ?"

"ಅವ್ವ ಸ್ಟಾಕು ಮುಟ್ಟದೆ ಶಿಸ್ತಾಗಿ ಮನೆ ನಡೆಸ್ತಾ ಇದಾಳೆ ಅಂದ್ಕೊಂಡೆ ಕಣೇ" ಅಂದ್ರು. "ಹೆಮ್ಮೆ ಆಗಿತ್ತು."

ಬೀಗಿತಿ ಅಲ್ಲೀವರೆಗೂ ತಡ್ಕೊಂಡಿದ್ರು. ಆಮೇಲೆ ಸೆರಗು ಬಾಯಿಗಿಟ್ಕೊಂಡು ನಕ್ಕರು ನೋಡಿ, ನಿಲ್ಲೋಕಾಗದೆ ಉಪ್ಪಿನ ಮೂಟೆ ಮೇಲೇ ಕೂತ್ಬಿಟ್ರು. ಕಣ್ಣೊರೆಸ್ಕೊಂಡು ನನ್ನ ಕೈ ಹಿಡ್ಕೊಂಡ್ರು. "ಇಂಥೋರ ಕಟ್ಕಂಡು ಇಷ್ಟೊರ್ಸ ಏಗಿದ್ದೀರಲ್ಲ ತಾಯಿ, ನಿಮ್ಮ ಮ್ಯಾಲೆ ಯಾತರ ಕ್ವಾಪ. ನಮ್ಮುಡುಗಿ ಇಲ್ಲೇ ಇರ್ಲಿ. ಆದ್ರೆ ಈ ಕೋಣೆ ಖಾಲಿ ಆಗಗಂಟ ನಾನು ಇಲ್ಲಿಂದ ಕದಲಾಕಿಲ್ಲ."

ಅವತ್ತು ಬೀಗರಿಗೆ ಕಾಫಿ ಬದಲು ಅವರದೇ ಎಳನೀರು. ಊಟಕ್ಕೆ ಮುದ್ದೆ, ಗೊಜ್ಜು. ಮಂಡ್ಯ ಸೀಮೇಲಿ ಹೀಗೊಂದು ಬೀಗರೂಟ ಯಾರೂ ಹಾಕಿರಲಿಕ್ಕಿಲ್ಲ. ಮಾರನೇ ದಿನ ಸಂಜೆ ರಸ್ತೆ ತೆರೆದ ಮೇಲೆ ಬೀಗರು ಎಳನೀರು ಇಳಿಸಿ ಬಂದು, ಅದೇ ಗಾಡಿಗೆ ಉಪ್ಪು ಹೇರಿದ್ರು. ತೆಂಗಿನ ಮರದ ಬುಡಕ್ಕೆ ಹಾಕ್ತಾರಂತೆ. ಬತ್ತಿ, ಬೆಂಕಿಪೊಟ್ಟಣ, ಸೋಪು ಅವರೂರಿನ ಅಂಗಡಿಗೆ. ರಾಗಿ ಅಡಿಗೆಮನೆಗೆ. ಮಗಳ ಮದುವೇಲಿ ಒಂದು ಹನಿ ಕಣ್ಣೀರು ಹಾಕದ ನಮ್ಮನೆಯವರು, ಗಾಡಿ ಹೊರಟಾಗ ಟವೆಲಿನಲ್ಲಿ ಕಣ್ಣೊತ್ತಿಕೊಂಡ್ರು.

ಕೋಣೆ ತೊಳೆದು, ಸಾಂಬ್ರಾಣಿ ಹಾಕಿ, ಮಂಚ ಹಾಕಿದ್ವಿ. ಮಗಳು ಕಿಟಕಿ ಕಡೆ ಮುಖ ಮಾಡಿ ಹಾಯಾಗಿ ಮಲಗಿದಳು. ನನಗೆ ಒಂಬತ್ತು ತಿಂಗಳ ಭಾರ ಇಳಿದ ಹಾಗಾಯ್ತು.

ಇವರು ಬಾಗಿಲಲ್ಲೇ ನಿಂತಿದ್ರು, ಏನೋ ಯೋಚನೆ. ಕೊನೆಗೆ ಮಗಳ ಕಾಲೊತ್ತುತ್ತಾ ಕೂತಿದ್ದ ಅತ್ತೆಯನ್ನ ಕೇಳಿದ್ರು, "ಅವ್ವ, ಮುಗಿದ್ರೆ ತುಂಬೈತೆ ಅಂತೀಯ. ಸರಿ, ಒಪ್ಪಿದೆ. ನಿಜವಾಗ್ಲೂ ತುಂಬಿದ್ರೆ ಏನಂತೀಯ?"

ಅತ್ತೆ ಇವರನ್ನ ಮೇಲಿಂದ ಕೆಳಗೆ ನೋಡಿದ್ರು.

"ನಿಜವಾಗ್ಲೂ ತುಂಬಿದ್ರೆ ಯಾವಳಾದ್ರೂ ಬಾಯ್ಬುಟ್ಟು ಯೋಳ್ತಾಳೇನ್ಲಾ? ದಿಟ್ಟಿ ಆಗಕ್ಕಾ?"