ನವಿಲುಬಣ್ಣದ ನಾಣ್ಯ

ರಜೆಯ ದಿನ ಅಂಚೆಯವನು ತುಟಿ ಬಿಚ್ಚದೆ ಪಾತ್ರೆ ತೊಳೆಯುತ್ತಿದ್ದ. ಹಿಂದಿನ ದಿನ ಹೆಂಡತಿ, ತನ್ನ ಅಮ್ಮ ಊಟಕ್ಕೆ ಬರುತ್ತಾಳೆ ಎಂದಾಗ "ಮತ್ತೆ ಬರ್ತಾರಾ?" ಎಂದುಬಿಟ್ಟಿದ್ದ. ಆಗಿನಿಂದ ಅವಳು ಮಾತು ಬಿಟ್ಟಿದ್ದಳು. ಇಂದಿನ ಊಟ ಚೆನ್ನಾಗಿ ನಡೆದರೆ ರಾಜಿಯಾದೀತೆಂಬ ಆಸೆ ಅವನದು.

ಹಬೆಪಾತ್ರೆಯ ತಳದಲ್ಲಿ ನಾಣ್ಯವೊಂದು ಸಿಕ್ಕಿತು. ದಿನವೂ ಕೈಯಲ್ಲಿ ಓಡಾಡುವ ಚಿಲ್ಲರೆಯೇ. ಬಣ್ಣ ಮಾತ್ರ ನವಿಲಿನ ಕುತ್ತಿಗೆಯದು. ಅಂಚಿಗೆ ಹೊಂಬಣ್ಣ, ಒಳಗೆ ನೇರಳೆ, ನಡುವೆ ಕಡುನೀಲಿ. ಅಲ್ಲಿಗೆ ಹೇಗೆ ಬಂತೆಂದು ಕೇಳಬಹುದಿತ್ತು. ಕೇಳಿದರೆ ತಾನೇ ಮೊದಲು ಸೋತಂತೆ. ಒರೆಸಿ ಜೇಬಿಗಿಳಿಸಿದ.

ಹೆಂಡತಿ ಆ ಪಾತ್ರೆಗೇ ನೀರು ಸುರಿದು, ಊಟದ ಕಡುಬು ಇಟ್ಟು ಒಲೆಗೇರಿಸಿ, ಮುಂದಿನ ಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಲಿಯುತ್ತಲೇ ಅಡುಗೆ ಮಾಡುವವಳು. ಒಂದು ದಿನವೂ ತಳ ಹಿಡಿಸಿದವಳಲ್ಲ. ಅವಳ ಕಿವಿಯೊಂದು ಅಡುಗೆಮನೆಯಲ್ಲೇ ಬೇರುಬಿಟ್ಟಿದೆಯೆಂದು ಅವನು ಊರೆಲ್ಲ ಹೊಗಳುತ್ತಿದ್ದ.

ಅಂಚೆಯವನು ಬೀದಿಗಿಳಿದ. ನಾಣ್ಯ ನೋಡಿದ ಕ್ಷೌರದ ಅಂಗಡಿಯವನು, ಯಾರೋ ಜಿಪುಣ ವರ್ಷಗಟ್ಟಲೆ ಮುಷ್ಟಿ ಬಿಚ್ಚಿಲ್ಲ, ಇದು ಬೆವರಿನ ಬಣ್ಣ ಎಂದ. ಹಣ್ಣಿನ ಅಂಗಡಿಯಾಕೆ, ಅಲ್ಲವೇ ಅಲ್ಲ, ಹುಳಿ ತಾಗಿದೆ ಎಂದಳು. ಅನ್ನುತ್ತಲೇ ಅದನ್ನು ಕಿವಿಯೋಲೆಯ ಪಕ್ಕ ಹಿಡಿದು ಅಂದ ನೋಡಿಕೊಂಡಳು. ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡ ಗಿರಾಕಿಯೂ ಬೆನ್ನಿಗೆ ಬಿದ್ದ. ಅಂಚೆಯವನಿಗೆ ತಾನೇ ಹೆತ್ತಷ್ಟು ಹೆಮ್ಮೆ.

ಕೊನೆಗೆ ವೆಲ್ಡಿಂಗ್ ಅಂಗಡಿಯವನು ಕನ್ನಡಕ ಹಣೆಗೇರಿಸಿದ.

"ಇದು ಬೆಂಕಿ ಬಣ್ಣ ಅಣ್ಣಾ. ನೀರಿಲ್ದೆ ಕಾದ್ರೆ ಹೀಗಾಗತ್ತೆ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಕರಕಲು. ಸರಿಯಾದ ಹೊತ್ತಿಗೆ ಒಲೆ ಆರಿಸಿದಾರಲ್ಲ, ಆ ಕೈಗೆ ನಮಸ್ಕಾರ."

ಕಾದದ್ದೆಲ್ಲಿ ಎಂದು ಯೋಚಿಸುತ್ತಲೇ ಅಂಚೆಯವನು ಮನೆ ಕಡೆ ತಿರುಗಿದ. ಬೀದಿ ತುದಿಯಲ್ಲೇ ಸೀದ ವಾಸನೆ ಎದುರಾಯಿತು.

ಒಳಗೆ ಹೊಗೆ. ಅತ್ತೆ ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಹೆಂಡತಿ ಅಳುವ ದನಿಯಲ್ಲಿ ಹೇಳುತ್ತಿದ್ದಳು: "ನೀರಿರೋ ತನಕ ನೀನು ಕೊಟ್ಟ ನಾಣ್ಯ ತಳದಲ್ಲಿ ಟಕಟಕ ಅಂತಿರತ್ತೆ, ಸದ್ದು ನಿಂತ ಕೂಡ್ಲೇ ಓಡಿಬಂದು ಆರಿಸ್ತೀನಿ. ಇವತ್ತು ಸದ್ದೇ ಬರ್ಲಿಲ್ಲಮ್ಮ. ಇನ್ನೂ ಕುದಿ ಬಂದಿಲ್ಲ ಅಂದ್ಕೊಂಡೆ."

ಅಂಚೆಯವನು ಮೆಲ್ಲಗೆ ಜೇಬಿನಿಂದ ನಾಣ್ಯ ತೆಗೆದು ಕಟ್ಟೆಯ ಮೇಲಿಟ್ಟ. ಟಕ್ ಎಂದಿತು.

ಇಬ್ಬರೂ ಅದನ್ನು ನೋಡಿದರು, ಆಮೇಲೆ ಅವನನ್ನು. ಬೋರಲು ಹಾಕಿದ್ದ ಪಾತ್ರೆಯ ತಳವಿಡೀ ಹೊಂಬಣ್ಣ, ನೇರಳೆ, ಕಡುನೀಲಿ. ಇಷ್ಟು ದೊಡ್ಡ ನವಿಲನ್ನು ಬೀದಿಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಬೆಳಿಗ್ಗೆ ಮನೆಯಲ್ಲಿ ಅವನೊಡನೆ ಮಾತು ಬಿಟ್ಟವರು ಒಬ್ಬರಿದ್ದರು, ಈಗ ಇಬ್ಬರು.

ಅವನು ಚೀಲ ಹಿಡಿದು ಹಣ್ಣಿನ ಅಂಗಡಿಗೆ ಓಡಿದ. "ಮೂವರಿಗೆ ತಿನ್ನೋಕೆ ಏನಾದ್ರೂ ಇದ್ರೆ ಕೊಡಿ," ಎಂದ.