ಪಾರ್ಟಿ ಲೈನಿನ ಪಾಪಿ

ನನ್ನ ಮೋಡೆಮ್ಮಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಇಲೊಯ್ಲೊ ಪಟ್ಟಣದ ನಮ್ಮ ಬೀದಿಗೆಲ್ಲ ಇಂಟರ್ನೆಟ್ ಪಂಡಿತ ನಾನೊಬ್ಬನೇ (ಬೇರೆ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ, ಅದು ಬೇರೆ ಮಾತು). ವಾರವೆಲ್ಲ ಮೇಷ್ಟರ ಕೆಲಸ; ಭಾನುವಾರ ಚರ್ಚಿನಿಂದ ಬಂದ ಮೇಲೆ ಸಂಜೆಯವರೆಗೆ, ಫೋನಿನ ತಂತಿಗೆ ಸಿಕ್ಕಿಸಿದ ಮೋಡೆಮ್ಮಿನ ಸೇವೆ. ಯಾರೋ ದೊಡ್ಡ ಫೋಟೊ ಸೇರಿಸಿ ಒಂದು ಇಮೇಲ್ ಕಳಿಸಿದ್ದರು. ಎರಡು ಭಾನುವಾರ ಕಳೆದರೂ ಅದು ಇಳಿಯಲಿಲ್ಲ. ಕಳಿಸಿದವರ ಹೆಸರು ಕಾಣುವ ಮೊದಲೇ ಲೈನು ಕಡಿಯುತ್ತಿತ್ತು.

ಮೂರನೆಯ ಭಾನುವಾರ ಮಹಾಚಿಕಿತ್ಸೆ ಆರಂಭಿಸಿದೆ. ತಂತಿ ಬದಲಿಸಿದೆ, ಸಿಗ್ನಲ್ಲಿಗೆ ಅಡ್ಡಿಯಾಗದಿರಲೆಂದು ಫ್ಯಾನು, ಫ್ರಿಜ್ಜು ಎಲ್ಲ ಆರಿಸಿದೆ.

"ರೀ, ಮೀನು ಕೊಳೀತಿದೆ!" ಎಂದಳು ಹೆಂಡತಿ ಪಾಸಿತಾ.

"ಮೀನು ನಾಳೆನೂ ಸಿಗುತ್ತೆ ಕಣೇ, ಸಿಗ್ನಲ್ ಸಿಗಲ್ಲ."

"ಹಾಗಾದ್ರೆ ಊಟಕ್ಕೆ ಸಿಗ್ನಲ್ಲನ್ನೇ ಹುರಿದು ಹಾಕ್ತೀನಿ."

ಮತ್ತೆ ಲೈನು ಕಡಿಯಿತು. ಕೋಪದಲ್ಲಿ ರಿಸೀವರ್ ಎತ್ತಿದೆ. ಒಳಗೆ ಯಾರದೋ ಉಸಿರು! ನಮ್ಮದು ಪಾರ್ಟಿ ಲೈನು, ಒಂದೇ ತಂತಿಗೆ ಎರಡು ಮನೆ; ನಡುವೆ ಇನ್ನೊಬ್ಬರು ಫೋನ್ ಎತ್ತಿದರೆ ಮೋಡೆಮ್ಮಿನ ಲೈನು ಕಡಿಯುತ್ತದೆ. ಇನ್ನೊಂದು ಮನೆ ಯಾರದೆಂದು ಟೆಲಿಫೋನಿನವರು ಹೇಳುವುದಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಹುಂಜ ಕೂಗಿತು. ಅದೇ ಕೂಗು ಕಿಟಕಿಯಿಂದಲೂ ಬಂತು.

ಪಕ್ಕದ ಮನೆಯ ನೆನಿತಾ! ಅವಳ ಗಂಡ ರೊಗೆಲಿಯೋ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಅವರ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾದವನು ನಾನು, ಹಾಗಾಗಿ ಇಬ್ಬರಿಗೂ 'ಕುಂಪಾರೆ'. ಅದೆಲ್ಲ ಮರೆತು ಬೇಲಿಯ ಹತ್ತಿರ ನಿಂತು, ಬೀದಿಯೆಲ್ಲ ಕೇಳುವಂತೆ ಕಿರುಚಾಡಿದೆ.

"ನಾನು ಮಾತಾಡ್ತಿರಲಿಲ್ಲ ಕುಂಪಾರೆ," ಎಂದಳು ಸಣ್ಣ ದನಿಯಲ್ಲಿ. "ಲೈನ್ ಖಾಲಿ ಆಯ್ತಾ ಅಂತ ಎತ್ತಿ ನೋಡ್ತಿದ್ದೆ. ಹಂದಿ ಕೊಯ್ಯೋ ಥರ ಸದ್ದು ಬರುತ್ತೆ, ಹೆದರಿ ಇಟ್ಬಿಡ್ತೀನಿ."

"ಅದು ಹಂದಿಯಲ್ಲ, ವಿಜ್ಞಾನ! ಇನ್ನು ಮುಟ್ಟಿದ್ರೆ ನೋಡು!"

ಅವಳ ಕಣ್ಣು ತುಂಬಿತು. ನಾನು ಗೆದ್ದವನಂತೆ ಒಳಗೆ ಬಂದೆ.

ಈ ಸಲ ಲೈನು ಕಡಿಯದೆ ನಿಂತಿತು. ಇಮೇಲ್ ಇಳಿಯುತ್ತಿದ್ದಾಗಲೇ ನೆನಿತಾ ಒಂದು ತಟ್ಟೆ ಅಕ್ಕಿಯ ಸಿಹಿ ಹಿಡಿದು ಕ್ಷಮೆ ಕೇಳಲು ಬಂದಳು. ಪರದೆಯ ಮೇಲೆ ಹಡಗು ಮೂಡಿತು, ಹಡಗಿನ ಮೇಲೆ ರೊಗೆಲಿಯೋ.

"ಅಯ್ಯೋ, ನಮ್ಮೋರು! ಜೋರಾಗಿ ಓದಿ ಕುಂಪಾರೆ!"

ಓದಿದೆ. "ಕುಂಪಾರೆ, ತಿಂಗಳಿಂದ ಪ್ರತಿ ಭಾನುವಾರ ನಾಲ್ಕಕ್ಕೆ ಮನೆಗೆ ಫೋನ್ ಮಾಡ್ತಿದ್ದೀನಿ, ಬರೀ ಎಂಗೇಜ್. ಇಪ್ಪತ್ತೆರಡಕ್ಕೆ ಹಡಗು ಬಂದರು ಬಿಡುತ್ತೆ, ಆಮೇಲೆ ಎರಡು ತಿಂಗಳು ಫೋನಿಲ್ಲ..."

"ನಡುವೆ ಎರಡು ಸಾಲು ಬಿಟ್ರಿ," ಎಂದಳು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಪಾಸಿತಾ. "ಓದ್ರಿ."

ಬಿಟ್ಟ ಸಾಲಿಗೆ ಮರಳಿದೆ. "ನೆನಿತಾ ಅಷ್ಟು ಮಾತಾಡೋಳಲ್ಲ. ಪಾರ್ಟಿ ಲೈನಿನ ಇನ್ನೊಬ್ಬ ಯಾವನೋ ಮಾನಗೆಟ್ಟವನು ಲೈನ್ ಹಿಡ್ಕೊಂಡು ಕೂತಿದಾನೆ. ನೀವು ಮೇಷ್ಟ್ರು, ತಿಳಿದವರು. ಅವನನ್ನ ಹುಡುಕಿ ಮುಖಕ್ಕೆ ಉಗೀರಿ."

ಅಂದು ಇಪ್ಪತ್ತೊಂದು. ಗಡಿಯಾರದಲ್ಲಿ ನಾಲ್ಕೂಕಾಲು. ಮೋಡೆಮ್ಮಿನ ತಂತಿಯನ್ನು ಕಿತ್ತೇ ಎಸೆದೆ. ನೆನಿತಾ ಚಪ್ಪಲಿ ಬಿಟ್ಟು ಓಡಿದಳು.

ಹತ್ತು ನಿಮಿಷಕ್ಕೆ ಅವರ ಫೋನು ಬಡಿದುಕೊಂಡಿತು. ಸಮುದ್ರದಾಚೆಗೂ ಮುಟ್ಟಲೆಂದು ಅವಳು ಕೂಗಿಯೇ ಮಾತಾಡುತ್ತಿದ್ದಳು. ಅತ್ತಳು, ನಕ್ಕಳು. ನಾಚಿಕೆಯಿಂದ ಕುಗ್ಗಿ ಕೂತಿದ್ದ ನನಗೆ ಒಂದೊಂದು ಮಾತೂ ಕೇಳುತ್ತಿತ್ತು.

"ಆ ಮಾನಗೆಟ್ಟವನು ಯಾರು ಅಂತ ಇನ್ನೂ ಗೊತ್ತಾಗಿಲ್ಲ ರೀ," ಎನ್ನುತ್ತಿದ್ದಳು ನೆನಿತಾ. "ಪಾಪ, ಕುಂಪಾರೆ ಹುಡುಕ್ತಾನೇ ಇದಾರೆ."