ಏರ್ ಫಿಲ್ಟರಿಗೆ ಎರೆದದ್ದು

ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಕೆಲಸದಲ್ಲಿ ನಗೆಪಾಟಲಾಗದ ವಾರವೇ ಇರುವುದಿಲ್ಲ. ಗಾಡಿ ಕೆಟ್ಟು ನಿಂತವನ ಮುಖ ನೋಡಿ ನಗಬಾರದು ಎಂದು ಹಲ್ಲು ಕಚ್ಚಿಕೊಂಡು ಹೋಗುತ್ತೇವೆ. ಅಷ್ಟರಲ್ಲಿ ನಮ್ಮದೇ ಏನಾದರೊಂದು ಆಗಿ, ಅವನೇ ನಮ್ಮನ್ನು ನೋಡಿ ನಗುತ್ತಾನೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಕಾಲಕ್ಕೆ ನಾನು ಚನ್ನಗಿರಿಯ ಒಂದು ಗ್ಯಾರೇಜಿನಲ್ಲಿ ಮೇಸ್ತ್ರಿ. ನಮ್ಮಲ್ಲಿ ಒಂದು ಎಳೆಯುವ ಗಾಡಿ ಇತ್ತು. ಮಿಲಿಟರಿಯವರು ಸಾಕಾಯಿತೆಂದು ಹರಾಜು ಹಾಕಿದ ಟ್ರಕ್ಕು. ಹಿಂದೆ ಕಬ್ಬಿಣದ ತೊಲೆ, ತೊಲೆಗೆ ಸರಪಳಿ, ಸರಪಳಿಗೆ ಕೊಕ್ಕೆ. ಅದನ್ನು ಓಡಿಸುವ ಡ್ರೈವರಿಗೆ ಐವತ್ತು ದಾಟಿತ್ತು. ಬೇರೆ ಯಾವ ಗಾಡಿಯೂ ಅವನ ಕೈಗೆ ಒಗ್ಗುತ್ತಿರಲಿಲ್ಲ. ಅದು ಹೋದರೆ ಅವನೂ ಮನೆಗೆ ಹೋಗುವವನೇ. ಈ ಮಾತು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಹಗ್ಗ ಯಾವ ಕಡೆಗೆ

ನ್ಯಾಮತಿ ಹತ್ತಿರ ಭತ್ತದ ಲಾರಿಯೊಂದರ ಆಕ್ಸಲ್ ಮುರಿದಿತ್ತು. ಹೋದೆವು, ಕೊಕ್ಕೆ ಹಾಕಿದೆವು, ಹೊರಟೆವು. ಒಂದು ಏರು ಬಂತು ನೋಡಿ, ನಮ್ಮ ಗಾಡಿ ಕರ‍್ರಗೆ ಹೊಗೆ ಬಿಟ್ಟು, ದಮ್ಮು ಬಂದವರಂತೆ ಕೆಮ್ಮಿ, ನಿಂತೇಬಿಟ್ಟಿತು.

ಕಾರಣ ನನಗೆ ಗೊತ್ತಿತ್ತು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸಲು ಕಾಗದದ ಏರ್ ಫಿಲ್ಟರ್ ಇತ್ತು. ಧೂಳು ತುಂಬಿದರೆ ಎಸೆದು ಹೊಸದು ಹಾಕಬೇಕು. ಹೊಸದು ದಾವಣಗೆರೆಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಹಳೆಯದನ್ನೇ ಬಂಪರಿಗೆ ಬಡಿದು ಬಡಿದು ಹಾಕುತ್ತಿದ್ದೆವು. ಅವತ್ತು ಡ್ರೈವರ್ ಹಾಗೆ ಬಡಿಯಲು ಹೋಗಿ ಅದು ಹರಿದೇ ಹೋಯಿತು.

ಕೊನೆಗೆ ಭತ್ತದ ಲಾರಿಯ ಹಮಾಲರೇ ಇಳಿದು ಬಂದು, ನಮ್ಮ ಗಾಡಿಯ ಹಿಂಬದಿಗೆ ಹೆಗಲು ಕೊಟ್ಟು ನೂಕತೊಡಗಿದರು. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಮುದುಕರು ಇಳಿದು ನಿಂತು ಎರಡೂ ಗಾಡಿಗಳನ್ನು ನೋಡಿದರು.

"ಯಾವುದು ಕೆಟ್ಟೈತ್ರಪ್ಪ?"

"ಹಿಂದಿಂದು ಕಣಜ್ಜ," ಅಂದ ಡ್ರೈವರ್.

"ಹಂಗಾದ್ರೆ ಹಗ್ಗ ಯಾವ ಕಡೆಗೆ ಕಟ್ಟೀರಿ ಅಂತ ಒಂದ್ಸಲ ನೋಡ್ಕಳ್ರಿ," ಅಂದು ಸೈಕಲ್ ಹತ್ತಿ ಹೋದರು.

ಯಾರ ಜೀವಮಾನ

ಸುದ್ದಿ ನಮಗಿಂತ ಮೊದಲೇ ಗ್ಯಾರೇಜಿಗೆ ಮುಟ್ಟಿತ್ತು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಸದಾ ಬಿಳಿ ಪಂಚೆ ಉಡುವ ಮನುಷ್ಯ. ಗ್ರೀಸು, ಆಯಿಲಿನ ನಡುವೆ ಅದಕ್ಕೆ ಒಂದು ಕಲೆಯೂ ಆಗದಂತೆ ಓಡಾಡುವುದೇ ಅವರ ಹೆಚ್ಚುಗಾರಿಕೆ.

"ಮೊನ್ನೆ ತಾನೇ ದುಡ್ಡು ಸುರಿದು ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸೀನಿ. ಇನ್ನೊಂದು ಸಲ ಧೂಳು ಕುಡಿದು ಇಂಜಿನ್ ಹೋತು ಅಂದ್ರೆ ರಿಪೇರಿ ಇಲ್ಲ, ಸೀದಾ ಗುಜರಿಗೆ," ಅಂದರು. ಡ್ರೈವರ್ ತಲೆ ತಗ್ಗಿಸಿ, ಗಾಡಿಯ ಬಾಗಿಲನ್ನು ಬಟ್ಟೆಯಿಂದ ಒರೆಸುತ್ತ ನಿಂತ.

ಅದೇ ವಾರ ಒಬ್ಬ ಏಜೆಂಟು ಬಂದ. ಬೆಂಗಳೂರಿನ ಕಡೆಯವನು, ಇಸ್ತ್ರಿ ಮಾಡಿದ ಪ್ಯಾಂಟು. ಡಬ್ಬಿಯಿಂದ ಒಂದು ಫಿಲ್ಟರ್ ತೆಗೆದ. ತಂತಿಯ ಜಾಲರಿ, ಅದರ ಮೇಲೆ ನಾಲ್ಕು ಪದರ ಹತ್ತಿ ಬಟ್ಟೆ. "ಇದು ಕಂಪನಿ ಫಿಲ್ಟರ್ ಅಲ್ಲ ಸಾರ್, ಅದಕ್ಕಿಂತ ಮೇಲು. ಎಸೆಯೋ ಹಾಗೇ ಇಲ್ಲ. ಕೊಳೆಯಾದರೆ ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಹಚ್ಚಿ ಮತ್ತೆ ಹಾಕೋದು."

ಹಾಕುವುದೋ ಬೇಡವೋ ಎಂದು ಚರ್ಚೆ ಶುರುವಾಯಿತು. ಗಾಡಿ ಮಾಡಿದವರು ಕೊಟ್ಟಿದ್ದನ್ನು ಬಿಟ್ಟು ಬೇರೆ ಹಾಕಬಾರದು ಎಂದು ನಾನು. ಮಾಡಿದವರು ಕೊಟ್ಟಿದ್ದು ಸಿಗುವುದೇ ಇಲ್ಲವಲ್ಲ ಎಂದು ಡ್ರೈವರ್. ಏಜೆಂಟು ಒಂದು ಇಂಗ್ಲಿಷ್ ಹಾಳೆ ಕೊಟ್ಟ. ನಾನು ಅದನ್ನು ಗಂಭೀರವಾಗಿ ಓದಿದೆ. ತಲೆಕೆಳಗಾಗಿ ಹಿಡಿದಿದ್ದೇನೆಂದು ಯಾರೂ ಹೇಳಲಿಲ್ಲ, ಹೇಳುವಷ್ಟು ಇಂಗ್ಲಿಷ್ ಅಲ್ಲಿ ಬೇರೆಯವರಿಗೂ ಇರಲಿಲ್ಲ.

"ಎಷ್ಟು ದಿನ ಬರ್ತೈತೆ?" ಯಜಮಾನರು ಕೇಳಿದರು.

"ಜೀವಮಾನ ಪೂರ್ತಿ ಸಾರ್."

ಯಜಮಾನರು ಫಿಲ್ಟರನ್ನು ನೋಡಿದರು, ಗಾಡಿಯನ್ನು ನೋಡಿದರು, ಆಮೇಲೆ ಏಜೆಂಟನನ್ನು ನೋಡಿದರು.

"ಯಾರ ಜೀವಮಾನ? ಇದರದ್ದೋ, ಗಾಡೀದೋ, ನಂದೋ? ಸರಿಯಾಗಿ ಹೇಳಿಬಿಡಪ್ಪ, ಮನೇಲೂ ತಿಳಿಸ್ಬೇಕು."

ಧೂಳಿಗೆ ಹಾಕಿದ್ದು

ಅಂತೂ ಹಾಕಿದೆವು. ಗಾಡಿ ಹೊಸ ಉಸಿರು ಬಂದಂತೆ ಓಡಿತು. ಡ್ರೈವರಿನ ಮುಖ ನೋಡಿ ನನಗೂ ಖುಷಿಯಾಯಿತು.

ತೊಳೆಯುವ ದಿನ ಬಂತು. ನಾನು ಟ್ರ್ಯಾಕ್ಟರ್ ರಿಪೇರಿಗೆಂದು ಬಸವಾಪಟ್ಟಣಕ್ಕೆ ಹೊರಟಿದ್ದೆ. ಹೋಗುವಾಗ ಡ್ರೈವರಿಗೆ ಹೇಳಿದೆ, "ಅಣ್ಣ, ಫಿಲ್ಟರ್ ಬಿಚ್ಚಿ ತೊಳೆದು ಎಣ್ಣೆ ಹಚ್ಚಿ ಹಾಕು."

"ಎರೀಬೇಕು ಅನ್ನು. ಅದಕ್ಕೆ ಯಾಕೆ ಅಷ್ಟುದ್ದ?" ಅಂದ.

ನಮ್ಮ ಕಡೆ ಮೈಗೆ, ತಲೆಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಸೀಗೆಪುಡಿ ಹಾಕಿ ತೊಳೆಯುವುದಕ್ಕೆ ಎರೆಯುವುದು ಅನ್ನುತ್ತಾರೆ. ಹಬ್ಬದ ದಿನ ಎಲ್ಲರ ಮನೆಯಲ್ಲೂ ಅದು ಇದ್ದದ್ದೇ. ನಾನೂ ಹೂಂ ಅಂದು ಬಸ್ಸು ಹತ್ತಿದೆ.

ಎರೆಯುವುದರಲ್ಲಿ ಡ್ರೈವರಿನ ತಾಯಿಯನ್ನು ಮೀರಿಸುವವರು ಇರಲಿಲ್ಲ. ಗ್ಯಾರೇಜಿನ ಹಿಂದೆಯೇ ಅವರ ಮನೆ. ಇಡೀ ಓಣಿಗೆ ಆಕೆ ಅಜ್ಜಿ. ಮಗ ಫಿಲ್ಟರ್ ತಂದುಕೊಟ್ಟು ಎರೆಯಬೇಕು ಅಂದಿದ್ದೇ ತಡ, ಅಜ್ಜಿ ಹರಳೆಣ್ಣೆ ಕಾಯಿಸಿ ಬಟ್ಟೆಯ ಮಡಿಕೆ ಮಡಿಕೆಗೂ ತಿಕ್ಕಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಸೀಗೆಪುಡಿ ಹಾಕಿ, ಒಂದು ತೊಟ್ಟು ಜಿಡ್ಡೂ ಉಳಿಯದಂತೆ ತೊಳೆದು, ಬಿಸಿಲಿಗೆ ಇಟ್ಟಳು.

ನಾಲ್ಕು ದಿನ ಬಿಟ್ಟು ನಾನು ಗಾಡಿಯ ಬಾನೆಟ್ ತೆಗೆದರೆ ಮದುವೆ ಮನೆಯ ಬಚ್ಚಲಿನ ವಾಸನೆ. ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಪೈಪಿನೊಳಗೆ ಬೆರಳಿಟ್ಟೆ. ಬೆರಳು ಕೆಂಪಗಾಗಿ ಬಂತು. ಧೂಳು ಒಳಗೆ ಹೋಗುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಗುಜರಿಯ ಮಾತು ಕಿವಿಯಲ್ಲೇ ಇತ್ತು. ಫಿಲ್ಟರ್ ಹಿಡಿದುಕೊಂಡು ಅಜ್ಜಿಯ ಮನೆಗೆ ಓಡಿದೆ.

"ಅಜ್ಜಿ, ಮೊದಲು ತೊಳೆಯೋದು. ಎಣ್ಣೆ ಆಮೇಲೆ. ಎಣ್ಣೆ ಹಂಗೇ ಇರ್ಬೇಕು."

"ಎಣ್ಣೆ ಜಿಡ್ಡಲ್ಲೇ ಬೀದಿಗೆ ಹೋದ್ರೆ ಧೂಳು ಮೆತ್ಕಳಲ್ವೇನೋ?"

"ಮೆತ್ಕೋಬೇಕು. ಅದಕ್ಕೇ ಎಣ್ಣೆ."

ಇಂಗ್ಲಿಷ್ ಹಾಳೆ ಓದಿದ ನನಗೆ ಹೊಳೆಯದ ಮಾತು ಅಜ್ಜಿಯ ಬಾಯಲ್ಲಿ ಬಂತು.

"ಹಂಗಾದ್ರೆ ಎಣ್ಣೆ ಹಾಕಿದ್ದು ಇಂಜಿನ್ನಿಗಲ್ಲ, ಧೂಳಿಗೆ. ಮೊದಲೇ ಹೇಳಾಕೆ ಏನಾಗಿತ್ತು? ಒಂದ್ ಸೇರು ಸೀಗೆಪುಡಿ ಖರ್ಚು ಮಾಡ್ಸಿದ್ಯಲ್ಲೋ."

ಹೊನ್ನಾಳಿಯ ಹೊಗೆ

ಅಜ್ಜಿಯ ತಪ್ಪು ಹೇಳಿ ನನ್ನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ. ಮುಂದಿನ ಸಲ ಯಾರ ಕೈಗೂ ಕೊಡದೆ ನಾನೇ ತೊಳೆದೆ, ನಾನೇ ಒಣಗಿಸಿದೆ. ತೆಳ್ಳಗೆ ಹಚ್ಚಬೇಕು ಎಂದು ಏಜೆಂಟು ಹೇಳಿದ್ದ. ಸ್ವಲ್ಪ ಎಣ್ಣೆಗೆ ಇಷ್ಟು ಧೂಳು ನಿಲ್ಲುವುದಾದರೆ ಜಾಸ್ತಿ ಎಣ್ಣೆಗೆ ಎಷ್ಟು ನಿಲ್ಲಬೇಡ ಎಂದು ನಾನು ಲೆಕ್ಕ ಹಾಕಿದೆ. ಫಿಲ್ಟರನ್ನು ಎಣ್ಣೆಯಲ್ಲಿ ಜಾಮೂನಿನಂತೆ ಮುಳುಗಿಸಿ ತೆಗೆದೆ.

ಹೊನ್ನಾಳಿಯಲ್ಲಿ ಒಂದು ಬಸ್ಸು ಕೆಟ್ಟಿತ್ತು. ಹೊಳೆ ದಾಟುವವರೆಗೆ ಎಲ್ಲ ಸರಿಯಿತ್ತು. ಊರೊಳಗೆ ಬಂದು ಡ್ರೈವರ್ ಆಕ್ಸಿಲರೇಟರ್ ತುಳಿದ ಕೂಡಲೇ ಇಂಜಿನ್ನು ಆ ಎಣ್ಣೆಯನ್ನೆಲ್ಲ ಎಳೆದುಕೊಂಡು, ಹಿಂದಿನಿಂದ ಬೆಳ್ಳಗೆ ದಟ್ಟ ಹೊಗೆ ಬಿಡತೊಡಗಿತು. ಅಂಗಡಿಗಳು ಮರೆಯಾದವು. ಜನ ಮೂಗು ಮುಚ್ಚಿಕೊಂಡರು. ನಾನು ಸೀಟಿನಲ್ಲಿ ಕುಗ್ಗಿ ಕೂತೆ.

"ಮೇಸ್ತ್ರಿ, ಇಂಜಿನ್ ಹೋತೇನೋ?" ಅಂದ ಡ್ರೈವರ್.

"ಇಲ್ಲಣ್ಣ, ಎಣ್ಣೆ ಜಾಸ್ತಿ ಆಗೈತೆ. ಸುಟ್ಟು ಹೋದ್ರೆ ಸರಿಹೋಗ್ತೈತೆ," ಅಂದೆ. ಹೇಳಿದ ಮೇಲೆ ಅದು ನಿಜವಾಗಲಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಒಬ್ಬ ಹೆಂಗಸು ಸೊಂಟದಲ್ಲಿ ಮಗು ಎತ್ತಿಕೊಂಡು ಹೊಗೆಯೊಳಗಿಂದಲೇ ಓಡಿ ಬಂದು ಬಾಗಿಲು ಬಡಿದಳು. ಬೈಯಲು ಬಂದಳೆಂದೇ ನಾನು ತಿಳಿದೆ.

"ಅಣ್ಣಾರೆ, ನಮ್ಮ ಓಣಿಗೂ ಒಂದ್ ಸುತ್ತು ಬರ್ರಿ. ಸೊಳ್ಳೆ ಕಾಟಕ್ಕೆ ಅರ್ಜಿ ಕೊಟ್ಟು ವರ್ಷ ಆತು, ಇವತ್ತು ಬಂದೀರಿ."

ಜಗಳೂರಿನ ವ್ಯಾನು

ಹೊಗೆಯ ಸುದ್ದಿಯೂ ಯಜಮಾನರಿಗೆ ಮುಟ್ಟಿತು. ಈ ಸಲ ಅವರು ಕೂಗಾಡಲಿಲ್ಲ, ಅದೇ ಕೆಟ್ಟದ್ದು. "ಸೋಮವಾರ ಗುಜರಿಯವನಿಗೆ ಬರಾಕೆ ಹೇಳೀನಿ," ಅಂದರು ಅಷ್ಟೆ. ಡ್ರೈವರ್ ಅವತ್ತು ಊಟದ ಬುತ್ತಿ ಬಿಚ್ಚಲಿಲ್ಲ.

ಶನಿವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರೊಬ್ಬ ಒಂದು ಚೀಟಿ ತಂದುಕೊಟ್ಟ. ಜಗಳೂರಿನ ಹತ್ತಿರ ವ್ಯಾನೊಂದು ನಿಂತಿದೆ, ಎಳೆಯುವ ಗಾಡಿ ಬೇಕು ಎಂದಿತ್ತು. ಫಿಲ್ಟರನ್ನು ನಾನು ಅಜ್ಜಿಯ ಕೈಗೇ ಕೊಟ್ಟೆ. ಮೊದಲು ತೊಳೆದು, ಒಣಗಿಸಿ, ರೊಟ್ಟಿ ಹಂಚಿಗೆ ಸವರುವಷ್ಟೇ ಎಣ್ಣೆ ಸವರಿ ಕೊಟ್ಟಳು. ಯಜಮಾನರು, "ನಾನೂ ಬರ್ತೀನಿ, ಕಣ್ಣಾರೆ ನೋಡ್ತೀನಿ," ಅಂದು ಬಿಳಿ ಪಂಚೆ ಎತ್ತಿಕಟ್ಟಿ ಹತ್ತಿ ಕೂತರು.

ಜಗಳೂರಿನ ಕಡೆ ರಸ್ತೆ ಅಗೆದು ಬಿಟ್ಟಿದ್ದರು. ಮುಂದಿನ ಗಾಡಿ ಕಾಣದಷ್ಟು ಧೂಳು. ಆ ಧೂಳಿನ ನಡುವೆ ವ್ಯಾನು ನಿಂತಿತ್ತು. ಪಕ್ಕದಲ್ಲಿ ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣಾದ ಒಬ್ಬ ಮನುಷ್ಯ. ಕಣ್ಣು ಪಿಳುಕಿಸಿದಾಗಲೇ ಗುರುತು ಸಿಕ್ಕಿದ್ದು, ನಮ್ಮ ಫಿಲ್ಟರ್ ಏಜೆಂಟು.

ಬಾನೆಟ್ ತೆಗೆದೆ. ಒಳಗೆ ಕಾಗದದ ಫಿಲ್ಟರ್, ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನೂ ಮುಗಿಸಿದ್ದ. ವ್ಯಾನಿನ ಹಿಂದೆ ನೋಡಿದರೆ ಡಬ್ಬಿಗಟ್ಟಲೆ ತೊಳೆಯುವ ಫಿಲ್ಟರುಗಳು.

"ಇದರಲ್ಲೇ ಒಂದು ಹಾಕಬಾರದಿತ್ತಾ?" ಅಂದೆ.

"ನಮ್ಮ ವ್ಯಾನಿನ ಸೈಜನ್ನ ನಮ್ಮ ಕಂಪನಿ ಮಾಡಲ್ಲ," ಅಂದ ಸಣ್ಣಗೆ.

ದಾವಣಗೆರೆಯಲ್ಲೇ ಬಿಡಲೇ ಎಂದು ಯಜಮಾನರು ಕೇಳಿದರೆ ಕೈ ಮುಗಿದ. "ಬೇಡ ಸಾರ್, ಅಲ್ಲಿ ನನ್ನ ಗಿರಾಕಿಗಳಿದ್ದಾರೆ. ನಿಮ್ಮ ಗ್ಯಾರೇಜಿಗೇ ಎಳೀರಿ."

ಎಳೆದೆವು. ಅಷ್ಟು ದೂರ, ಅಂಥ ಧೂಳಿನಲ್ಲಿ, ನಮ್ಮ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಡ್ರೈವರ್ ದಾರಿಯುದ್ದಕ್ಕೂ ಸ್ಟಿಯರಿಂಗನ್ನು ಮಗುವಿನ ಬೆನ್ನು ಸವರಿದಂತೆ ಸವರುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಚನ್ನಗಿರಿ ಮುಟ್ಟಿದೆವು. ಎಲ್ಲರ ಮುಂದೆ ಫಿಲ್ಟರ್ ಬಿಚ್ಚಿದೆ. ಹೊರಗೆ ಕೆಂಪು ಮಣ್ಣು ಬೆರಳು ದಪ್ಪ ಮೆತ್ತಿತ್ತು. ಯಜಮಾನರು ಇಂಜಿನ್ ಕಡೆಯ ಪೈಪಿನೊಳಗೆ ತಾವೇ ಬೆರಳಿಟ್ಟು ಸುತ್ತ ತಿಕ್ಕಿದರು. ತೆಗೆದು ತಮ್ಮ ಪಂಚೆಯ ಒಳಮಡಿಕೆಗೇ ಒರೆಸಿಕೊಂಡರು. ಬೆರಳು ಒರೆಸಿದ ಜಾಗದಲ್ಲಿ ಒಂದು ಚೂರೂ ಕಲೆ ಇರಲಿಲ್ಲ.

"ಯಜಮಾನ್ರೇ, ಸೋಮವಾರ ಗುಜರಿಯವನು ಬರ್ತಾನಲ್ರೀ," ಅಂದ ಡ್ರೈವರ್.

"ಬರ್ಲಿ ಬಿಡು. ಆ ವ್ಯಾನ್ ತೋರ್ಸು."

ಡ್ರೈವರ್ ಗಾಡಿಗೆ ಒರಗಿ ನಿಂತು ಮುಖ ಮುಚ್ಚಿಕೊಂಡ. ನಕ್ಕನೋ ಅತ್ತನೋ ನಾನು ಕೇಳಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದಳು. ಏಜೆಂಟನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಗಾಡಿಗೆ ಎರೆದು ಎಷ್ಟು ದಿನ ಆತಪ್ಪ?"

"ನಮ್ಮದು ಕಾಗದದ್ದು ಅಜ್ಜಿ."

"ಕಾಗದಕ್ಕೆ ಎರೆಯಾಕೆ ಬರಲ್ಲ. ನಿನಗೆ ಎರೀಬಹುದು. ನೀರು ಕಾದೈತೆ, ಅಂಗಿ ಬಿಚ್ಚಿ ಮಣೆ ಮ್ಯಾಲೆ ಕೂತ್ಕೋ ಬಾ," ಅಂದು ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡೇ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ಕೂಗು ಬಂತು. "ಏನ್ರೋ, ನೀವು ಹೇಳಿ ಹೇಳಿ ನನ್ನ ತಲೆ ಕೆಟ್ಟೈತೆ. ಇವನಿಗೆ ಎಣ್ಣೆ ಮೊದಲೋ, ತೊಳೆಯೋದು ಮೊದಲೋ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕೂಗಿ ಹೇಳಿದರು:

"ಎಣ್ಣೇನೇ ಮೊದಲು ಹಚ್ಚಜ್ಜಿ. ಅವನು ಫಿಲ್ಟರ್ ಅಲ್ಲ, ಫಿಲ್ಟರ್ ಮಾರೋನು."